ಮನೆ ಅಂಗಳದ ಹುಲ್ಲು ಸಾಕಾಯಿತು, ಹಾಲ್, ಆಸ್ಪತ್ರೆ, ಬಂಕ್ ಕೆಲಸ ಹಿಡಿಯುವುದು ಹೇಗೆ?

ಬದಿಯಡ್ಕದ ಮಿಷನ್ | ಏಪ್ರಿಲ್ 17

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಆರು ವರ್ಷದಿಂದ ಹುಲ್ಲು ಹೊಡೆಯುವ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದೇ ಮಿಷನ್ ಇತ್ತು. ಬೈಕಿನ ಹಿಂದೆ ಕಟ್ಟಿಕೊಂಡು ನೀರ್ಚಾಲು, ಪೆರ್ಲ, ಮಾನ್ಯ ಎಂದು ತಿರುಗುತ್ತಿದ್ದೆ. ಈಗ ಹೆಗಲಿಗೆ ಹಾಕಿ ಹುಲ್ಲು ಹೊಡೆಯುವ ಮೂರು ಬ್ರಷ್ ಕಟರ್, ಒಂದು ತಳ್ಳುವ ಲಾನ್ ಮೂವರ್, ಇಬ್ಬರು ಹುಡುಗರು ಮತ್ತು ಒಂದು ಹಳೆಯ ಪಿಕಪ್ ಇದೆ.

ಕೆಲಸ ಇಲ್ಲ ಎಂದಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಫೋನ್ ಕೆಳಗಿಡಲು ಆಗುವುದಿಲ್ಲ. ಅಡಿಕೆ ತೋಟ, ಮನೆ ಹಿತ್ತಿಲು, ಗಲ್ಫ್‌ನಲ್ಲಿರುವವರ ಬೀಗ ಹಾಕಿದ ಮನೆ. ಜನವರಿ ಬಂತೆಂದರೆ ಮಿಷನ್ ಮೂಲೆ ಸೇರುತ್ತದೆ. ಹುಡುಗರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಮಳೆ ಹಿಡಿದಾಗ ಕರೆದರೆ ಬರುತ್ತಾರೆ ಎಂಬ ಧೈರ್ಯ ಇಲ್ಲ. ಮನೆ ಕೆಲಸದಲ್ಲಿ ಗಂಟೆ ಲೆಕ್ಕ ಬೇರೆ. ಚಹಾ ಕುಡಿದ ಹತ್ತು ನಿಮಿಷವನ್ನೂ ಕಳೆಯುವವರಿದ್ದಾರೆ, ಸುಳ್ಳಲ್ಲ.

ಅದಕ್ಕೇ ವರ್ಷವಿಡೀ ಕೊಡುವಂಥ ಜಾಗ ಹುಡುಕುತ್ತಿದ್ದೇನೆ. ಮದುವೆ ಹಾಲ್, ಆಸ್ಪತ್ರೆ, ಪೆಟ್ರೋಲ್ ಬಂಕ್, ಶಾಲೆ, ಬೇಕಲ ಕಡೆಯ ರೆಸಾರ್ಟ್. ಕಳೆದ ತಿಂಗಳು 500 ನೋಟೀಸು ಅಚ್ಚು ಹಾಕಿಸಿ ಕುಂಬಳೆಯಿಂದ ಕಾಸರಗೋಡಿನವರೆಗೆ ಹಂಚಿದೆ. ಬಂದದ್ದು ಎರಡು ಫೋನ್. ಒಬ್ಬರು ತೆಂಗಿನಕಾಯಿ ಕೀಳಲು ಬರುತ್ತೀರಾ ಎಂದು ಕೇಳಿದರು. ಇನ್ನೊಬ್ಬರು ನನ್ನ ಚಿಕ್ಕಪ್ಪನ ಮಗ, ನೋಟೀಸಿನಲ್ಲಿ ತಪ್ಪಿದೆ ಎಂದು ಹೇಳಲು.

ಅನುಭವ ಇರುವವರು ದಾರಿ ಹೇಳಿ.

ಮುಳ್ಳೇರಿಯದವ | ಏಪ್ರಿಲ್ 17

ಏನು ತಪ್ಪು?

ಬದಿಯಡ್ಕದ ಮಿಷನ್ | ಏಪ್ರಿಲ್ 17

ಮಲಯಾಳದಲ್ಲಿ ‘ಕಾಡು ವೆಟ್ಟಲ್’ ಅಂತಾರಲ್ವಾ, ಪೊದೆ ಸವರುವುದಕ್ಕೆ. ಪ್ರೆಸ್ಸಿನವರು ಅದನ್ನೇ ಕನ್ನಡಕ್ಕೆ ತಿರುಗಿಸಿ ‘ಕಡಿಮೆ ದರದಲ್ಲಿ ಕಾಡು ಕಡಿದು ಕೊಡಲಾಗುವುದು’ ಎಂದು ಹಾಕಿದ್ದರು. ನಾನು ನೋಡದೆ ಒಪ್ಪಿದೆ.

ಮುಳ್ಳೇರಿಯದವ | ಏಪ್ರಿಲ್ 17

ಫಾರೆಸ್ಟ್‌ನವರಿಂದ ಫೋನ್ ಬರದಿದ್ದದ್ದು ನಿಮ್ಮ ಪುಣ್ಯ.

ಕುಂಬಳೆ ಹಾಲ್‌ನವ | ಏಪ್ರಿಲ್ 18

ನಾನು ಹೊಡೆಯುವವನಲ್ಲ, ಹೊಡೆಸುವವನು. ಒಂದು ಮದುವೆ ಹಾಲ್‌ನಲ್ಲಿ ಮ್ಯಾನೇಜರ್. ಈ ಕಡೆಯ ಮಾತೂ ಕೇಳಿ, ಪ್ರಯೋಜನಕ್ಕೆ ಬಂದೀತು.

ನೋಟೀಸು ನನಗೂ ಬರುತ್ತದೆ. ವಾಚ್‌ಮ್ಯಾನ್ ಅದರಲ್ಲಿ ಕಡಲೆ ಕಟ್ಟಿಕೊಳ್ಳುತ್ತಾನೆ. ಅದು ನನ್ನ ಮೇಜಿಗೆ ಬಂದರೂ ನಾನೇನು ಮಾಡಲಿ? ನಿಮ್ಮ ಮುಖ ಗೊತ್ತಿಲ್ಲ, ರೇಟು ಗೊತ್ತಿಲ್ಲ. ಮುಹೂರ್ತದ ಹೊತ್ತಿಗೆ ಮಿಷನ್ ಶುರು ಮಾಡುವವರೋ ಎಂಬುದೂ ಗೊತ್ತಿಲ್ಲ.

ನಮ್ಮಲ್ಲಿ ಹುಲ್ಲು ಬೆಳೆದರೆ ಬೈಸಿಕೊಳ್ಳುವುದು ಮಾಲೀಕರಲ್ಲ, ನಾನು. ಮದುವೆಯವರು ಮೊದಲ ದಿನ ಬಂದು ನೋಡಿ, ‘ಎಂಥ ಇದು, ಕಾರು ಎಲ್ಲಿ ನಿಲ್ಲಿಸುವುದು, ಹಾವು ಬಂದರೆ?’ ಎಂದು ನನಗೆ ಹೇಳುತ್ತಾರೆ. ಮಾಲೀಕರಿಗೆ ಅದು ಗೊತ್ತಾಗುವುದು ಒಂದು ತಿಂಗಳ ಮೇಲೆ. ಹಾಗಾಗಿ ಯಾವ ಜಾಗಕ್ಕೆ ಹೋದರೂ, ಇಲ್ಲಿ ಹುಲ್ಲಿನ ದೂರು ಯಾರ ಕಿವಿಗೆ ಬೀಳುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಆಸ್ಪತ್ರೆಯಲ್ಲಿ ಡಾಕ್ಟರ್ ಅಲ್ಲ, ಆಡಳಿತ ನೋಡುವವರು. ಬಂಕಿನಲ್ಲಿ ಮಾಲೀಕನಿಗಿಂತ ಸೂಪರ್‌ವೈಸರ್. ರೆಸಾರ್ಟಿನಲ್ಲಿ ಹೌಸ್‌ಕೀಪಿಂಗ್ ಅಥವಾ ಮೇಂಟೆನೆನ್ಸ್ ನೋಡುವವರು. ಅವರ ತಲೆನೋವು ಹೋದರೆ ಚೆಕ್‌ಗೆ ಸಹಿ ಹಾಕಿಸುವ ಕೆಲಸ ಅವರೇ ಮಾಡುತ್ತಾರೆ.

ಬರುವ ಹೊತ್ತೂ ಮುಖ್ಯ. ಏಪ್ರಿಲ್, ಮೇಯಲ್ಲಿ ನಾನು ಊಟಕ್ಕೆ ಕೂರುವುದೇ ಸಂಜೆ ನಾಲ್ಕಕ್ಕೆ. ಆಗ ‘ಸರ್, ಎರಡು ನಿಮಿಷ’ ಎಂದರೆ ಸಿಟ್ಟು ಬರುತ್ತದೆ. ಮಂಗಳವಾರ ಬೆಳಗ್ಗೆ ಬನ್ನಿ. ಬಂದವರು ಆಫೀಸಿನಲ್ಲಿ ಕೂರಬೇಡಿ, ‘ಒಮ್ಮೆ ಸುತ್ತು ಹಾಕೋಣ’ ಎನ್ನಿ. ಹಿಂದಿನ ವರ್ಷ ಒಬ್ಬ ಹುಡುಗ ಹಾಗೆ ಸುತ್ತು ಹಾಕುತ್ತಾ ಜನರೇಟರ್ ರೂಮಿನ ಹಿಂದೆ ನಿಂತ. ಡೀಸೆಲ್ ಕ್ಯಾನಿನ ಪಕ್ಕದಲ್ಲೇ ಒಣ ಹುಲ್ಲು ಸೊಂಟದವರೆಗೆ ಇತ್ತು. ‘ಸರ್, ನಿಮ್ಮ ಅಡುಗೆಯವರು ಬೀಡಿ ಸೇದುವುದು ಇಲ್ಲೇ ಅಲ್ವಾ?’ ಎಂದು ಕೇಳಿದ. ನೆಲದಲ್ಲಿ ತುಂಡುಗಳು ಬಿದ್ದಿದ್ದವು. ಅವತ್ತೇ ಕೆಲಸ ಅವನಿಗೆ ಹೋಯಿತು. ರೇಟು ಕೂಡ ಚೌಕಾಸಿ ಮಾಡಲಿಲ್ಲ.

ಅದೇ ಹುಡುಗ ಆಮೇಲೆ ಕೈಬಿಟ್ಟುಹೋದ. ಹೋಗಲಿ. ಅದು ಬೇರೆ ಕತೆ.

ತಲಪಾಡಿ ಗಾರ್ಡನ್ | ಏಪ್ರಿಲ್ 18

ಹಾಲ್‌ನವರು ಹೇಳಿದ್ದು ನೂರಕ್ಕೆ ನೂರು. ನಾನು ಹೆಂಗಸು. ನರ್ಸರಿ ಜೊತೆ ಲಾನ್ ಮಾಡಿಕೊಡುವ ಕೆಲಸ, ಹನ್ನೊಂದು ವರ್ಷ ಆಯಿತು. ಒಂದು ವಿಷಯ ಸೇರಿಸುತ್ತೇನೆ.

ಹುಲ್ಲು ಹೊಡೆಯುವುದು ಬೇರೆ, ಲಾನ್ ನೋಡಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳಿನಂಥ ಕಳೆ ಎಲ್ಲ ನೆಲಸಮ ಮಾಡಿದರೆ ಮುಗಿಯಿತು. ಲಾನ್‌ನಲ್ಲಿ ಹಾಗೆ ಮಾಡಿದರೆ ಅವರು ಮತ್ತೆ ಕರೆಯುವುದಿಲ್ಲ. ಒಂದೇ ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಎತ್ತರ ತೆಗೆಯಬಾರದು. ಬೋಳಿಸಿದರೆ ಹಳದಿಯಾಗುತ್ತದೆ, ಮಳೆಯಲ್ಲಿ ಕೊಳೆಯುತ್ತದೆ. ಬೇಕಲ ಕಡೆಯ ರೆಸಾರ್ಟಿನವರಿಗೆ ಬೇಕಾದದ್ದು ಇದು ಗೊತ್ತಿರುವವರು. ದೊಡ್ಡ ಹೋಟೆಲುಗಳಿಗೆ ಅವರದೇ ತೋಟದ ಕೆಲಸದವರಿರುತ್ತಾರೆ, ಅಲ್ಲಿ ಬಾಗಿಲು ತಟ್ಟಿ ಕಾಲು ನೋಯಿಸಿಕೊಳ್ಳಬೇಡಿ. ಹತ್ತು ಹನ್ನೆರಡು ರೂಮಿನ ಹೋಂಸ್ಟೇ, ಚಿಕ್ಕ ರೆಸಾರ್ಟ್ ನೋಡಿ. ಅವರಿಗೆ ತಿಂಗಳ ಸಂಬಳದ ಮಾಲಿ ಇಟ್ಟುಕೊಳ್ಳಲು ಕಷ್ಟ.

ಮತ್ತೆ ಇಂಟರ್‌ಲಾಕ್, ಅಂಗಳಕ್ಕೆ ಹಾಸುವ ಸಿಮೆಂಟಿನ ಇಟ್ಟಿಗೆ. ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಹುಲ್ಲಿನ ಕಾಟ ಮುಗಿಯಿತು ಎಂದುಕೊಂಡಿದ್ದಾರೆ. ಎರಡು ಮಳೆಗಾಲ ಕಳೆಯಲಿ. ಪ್ರತಿ ಸಂದಿಯಲ್ಲೂ ಹುಲ್ಲು, ಮೇಲೆ ಪಾಚಿ. ಕಾಲಿಟ್ಟರೆ ಜಾರುತ್ತದೆ. ಒಂದು ಪ್ರೆಷರ್ ವಾಷರ್ ಇಟ್ಟುಕೊಳ್ಳಿ. ಹುಲ್ಲಿಗೆ ಬೇಡ ಎಂದವರು ಪಾಚಿಗೆ ಕರೆಯುತ್ತಾರೆ.

ಬದಿಯಡ್ಕದ ಮಿಷನ್ | ಏಪ್ರಿಲ್ 19

ಅಕ್ಕಾ, ಹಾಲ್‌ನ ಅಣ್ಣಾ, ತುಂಬಾ ಉಪಕಾರ. ನನಗೆ ದೊಡ್ಡ ಗೊಂದಲ ರೇಟಿನದು. ಮನೆಗಳಲ್ಲಿ ಗಂಟೆ ಲೆಕ್ಕ. ಹಾಲ್‌ನವರಿಗೆ ವರ್ಷದ ಲೆಕ್ಕ ಹೇಗೆ ಹೇಳುವುದು? ಜಾಸ್ತಿ ಹೇಳಿದರೆ ಓಡಿಹೋಗುತ್ತಾರೆ, ಕಡಿಮೆ ಹೇಳಿದರೆ ನಾನು ಓಡಬೇಕು.

ತಲಪಾಡಿ ಗಾರ್ಡನ್ | ಏಪ್ರಿಲ್ 19

ನಾನು ಮಾಡುವ ಲೆಕ್ಕ ಹೇಳುತ್ತೇನೆ. ನಿಮ್ಮ ಕೂಲಿ, ನಿಮ್ಮ ಊರು ನೋಡಿ ಬದಲಾಯಿಸಿಕೊಳ್ಳಿ.

40 ಸೆಂಟ್ಸ್ (0.4 ಎಕರೆ) ಅಂಗಳ ಎಂದಿಟ್ಟುಕೊಳ್ಳಿ. ಎರಡು ಮಿಷನ್‌ನಲ್ಲಿ ಅರ್ಧ ದಿನ. ಹೊಡೆಯುವವರಿಗೆ 1,600, ಗುಡಿಸಿ ರಾಶಿ ಮಾಡುವವರಿಗೆ 500, ಪೆಟ್ರೋಲ್, ಮಿಷನ್‌ನಲ್ಲಿ ಹುಲ್ಲು ಕಡಿಯುವ ನೈಲಾನ್ ದಾರ ಎಲ್ಲ ಸೇರಿ 300, ಪಿಕಪ್ 350. ಒಟ್ಟು 2,750 ಕೈಬಿಟ್ಟು ಹೋಗುವ ಹಣ. ಮಿಷನ್ ಸವೆಯುವುದಕ್ಕೆ, ನಿಮ್ಮ ಪಾಲಿಗೆ 750 ಸೇರಿಸಿ. ಒಂದು ಸಲಕ್ಕೆ 3,500.

ಈಗ ವರ್ಷಕ್ಕೆ ಎಷ್ಟು ಸಲ? ಜೂನ್‌ನಿಂದ ಸೆಪ್ಟೆಂಬರ್ ನಾಲ್ಕು ತಿಂಗಳಲ್ಲಿ ಏಳು ಸಲ, ಅಷ್ಟು ಇಲ್ಲದಿದ್ದರೆ ನಮ್ಮ ಮಳೆಗೆ ಸಾಲದು. ಅಕ್ಟೋಬರ್‌ನಿಂದ ಡಿಸೆಂಬರ್ ತಿಂಗಳಿಗೊಂದು, ಮೂರು. ಜನವರಿಯಿಂದ ಮೇವರೆಗೆ ಎರಡು, ಅದರಲ್ಲಿ ಒಂದು ಬೆಂಕಿಯ ಭಯಕ್ಕೆ ಒಣ ಹುಲ್ಲು ತೆಗೆಯುವುದು. ಒಟ್ಟು 12. ವರ್ಷಕ್ಕೆ 42,000. ತಿಂಗಳಿಗೆ 3,500.

ಗಿರಾಕಿಗೆ ಹೇಳುವುದು ಕೊನೆಯ ಸಂಖ್ಯೆ ಮಾತ್ರ. ತಿಂಗಳಿಗೆ 3,500 ಎಂದರೆ ಯಾರೂ ಬೆಚ್ಚುವುದಿಲ್ಲ. 42,000 ಎಂದರೆ ‘ಮಾಲೀಕರಲ್ಲಿ ಕೇಳಿ ಹೇಳುತ್ತೇನೆ’ ಅಂತಾರೆ.

ಕುಂಬಳೆ ಹಾಲ್‌ನವ | ಏಪ್ರಿಲ್ 19

ನಮಗೂ ಅದೇ ಅನುಕೂಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ನಮ್ಮಲ್ಲಿ ಬುಕಿಂಗ್ ತೀರಾ ಕಡಿಮೆ. ಹುಲ್ಲು ಮಾತ್ರ ಆಗಲೇ ತಲೆ ಎತ್ತುವುದು. ಆಟಿಯಲ್ಲಿ ಎರಡು ಸಲ ಬಂದು ಎರಡು ಬಿಲ್ಲು ಕೊಟ್ಟರೆ ಮಾಲೀಕರು ‘ಈಗ ಯಾಕೆ, ಮುಂದಿನ ತಿಂಗಳು ಸೋಣ ಬರಲಿ’ ಅಂತಾರೆ. ಸೋಣದಲ್ಲಿ ಹೊಡೆಸಿದರೆ ಅದು ಹುಲ್ಲಲ್ಲ, ಪೊದೆ.

ಉಪ್ಪಳದ ಲೆಕ್ಕದಕ್ಕ | ಏಪ್ರಿಲ್ 20

ನಿಲ್ಲಿ ನಿಲ್ಲಿ. ತಲಪಾಡಿ ಅಕ್ಕನ ಲೆಕ್ಕ ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ಗುಂಡಿ ಇದೆ. ನಾನು ಅಕೌಂಟ್ಸ್ ಕೆಲಸದವಳು, ಇಂಥದರಲ್ಲಿ ಬಿದ್ದವರನ್ನು ನೋಡಿದ್ದೇನೆ.

ಜೂನ್ 1ಕ್ಕೆ ಒಪ್ಪಂದ ಶುರು ಮಾಡಿದಿರಿ. ಸೆಪ್ಟೆಂಬರ್ ಕೊನೆಗೆ ಏಳು ಸಲ ಹೊಡೆದಿರುತ್ತೀರಿ. ಏಳು ಸಲದ ಬೆಲೆ 24,500. ನಿಮ್ಮ ಕೈಗೆ ಬಂದದ್ದು ನಾಲ್ಕು ತಿಂಗಳ 14,000. ಅಕ್ಟೋಬರ್‌ನಲ್ಲಿ ಗಿರಾಕಿ ‘ಇನ್ನು ಸಾಕು, ಮಳೆ ನಿಂತಿತಲ್ಲ’ ಎಂದರೆ 10,500 ನಿಮ್ಮ ಜೇಬಿನಿಂದ. ನಗುತ್ತಾ ನಮಸ್ಕಾರ ಹೇಳಿ ಬರಬೇಕು. ಬಾಯಿಮಾತಿನ ಒಪ್ಪಂದದಲ್ಲಿ ಇದು ಆಗಿಯೇ ಆಗುತ್ತದೆ.

ಎರಡು ದಾರಿ. ಜನವರಿಯಲ್ಲೇ ಶುರು ಮಾಡುವುದು ಒಂದು. ಆಗ ಮಳೆಗೆ ಮೊದಲೇ ನಿಮ್ಮ ಕೈಯಲ್ಲಿ ಸ್ವಲ್ಪ ಹಣ ಇರುತ್ತದೆ. ಈಗ ಏಪ್ರಿಲ್, ಅದು ತಪ್ಪಿತು. ಎರಡನೆಯದು, ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ: ಮಧ್ಯದಲ್ಲಿ ನಿಲ್ಲಿಸಿದರೆ ಅಲ್ಲಿವರೆಗೆ ಬಂದ ಸಲ ಲೆಕ್ಕ ಹಾಕಿ, ಸಲಕ್ಕೆ 3,500ರಂತೆ ಬಾಕಿ ಕೊಡಬೇಕು. ನೀವು ಬಿಟ್ಟುಹೋದರೂ ಅದೇ ಲೆಕ್ಕ. ಎರಡು ಕಡೆಗೂ ಒಂದೇ ನ್ಯಾಯ ಎಂದಾಗ ಯಾರೂ ತಕರಾರು ಮಾಡುವುದಿಲ್ಲ.

ಇನ್ನು ಕಾಗದ ಪತ್ರ. ಇದು ಬೋರು, ಆದರೆ ಮನೆ ಕೆಲಸಕ್ಕೂ ಕಂಪೆನಿ ಕೆಲಸಕ್ಕೂ ವ್ಯತ್ಯಾಸ ಇರುವುದೇ ಇಲ್ಲಿ. ಬಿಲ್ ಪುಸ್ತಕ, ಪ್ಯಾನ್, ಹೆಸರಿನ ಬ್ಯಾಂಕ್ ಖಾತೆ ಬೇಕು. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ. ಮಾಡಿಸದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಲೂಬಾರದು, ದೊಡ್ಡವರಾಗಿ ಕಾಣಲಿ ಎಂದು ಕೆಲವರು ಹಾಕುತ್ತಾರೆ. ತಲಪಾಡಿ ಗಡಿ ದಾಟಿ ಕರ್ನಾಟಕದ ದೇರಳಕಟ್ಟೆ, ಮಂಗಳೂರು ಕಡೆ ಕೆಲಸ ಹಿಡಿದರೂ, ಬೇರೆ ರಾಜ್ಯ ಎಂದು ಹೆದರಬೇಡಿ. 2017ರ ಅಕ್ಟೋಬರ್‌ನಿಂದ ಸೇವೆಗಳಿಗೆ ಆ 20 ಲಕ್ಷದ ರಿಯಾಯಿತಿ ಗಡಿಯಾಚೆಗೂ ಇದೆ. ಮಂಗಳೂರಿನ ಗಿರಾಕಿಯನ್ನು ಇದೇ ಭಯಕ್ಕೆ ಬಿಟ್ಟವರು ನನಗೆ ಗೊತ್ತು.

ಉದ್ಯಮ್ ರಿಜಿಸ್ಟ್ರೇಶನ್ ಮಾಡಿಸಿ, ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ನೋಂದಣಿ ಅದು. ಆನ್‌ಲೈನ್‌ನಲ್ಲಿ ಪುಕ್ಕಟೆ. ಯಾರಾದರೂ ಫೀಸು ಕೇಳಿದರೆ ಎದ್ದು ಬನ್ನಿ. ಅದು ಇದ್ದರೆ, ಬರೆದ ಒಪ್ಪಂದ ಇರುವಲ್ಲಿ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ನಿಮ್ಮ ಹಣ ಕೊಡಬೇಕು ಎಂಬ ಕಾನೂನು ಇದೆ. ತಡ ಮಾಡಿದರೆ ಗಿರಾಕಿ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಇನ್‌ಕಂ ಟ್ಯಾಕ್ಸ್ ಲೆಕ್ಕದಲ್ಲಿ ತೋರಿಸಬಹುದು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮ ಇದು. ಮಾರ್ಚ್ ತಿಂಗಳಲ್ಲಿ ಅವರ ಆಡಿಟರೇ ಫೋನ್ ಮಾಡಿ ‘ಬಾಕಿ ಎಷ್ಟಿದೆ’ ಎಂದು ಕೇಳುವುದನ್ನು ಕಂಡು ನನಗೇ ನಗು ಬಂದಿತ್ತು. ಬಿಲ್ಲಿನ ತಲೆಯಲ್ಲಿ ಉದ್ಯಮ್ ನಂಬರ್ ಅಚ್ಚು ಹಾಕಿಸಿ.

ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆ, 1 ಶೇಕಡ ಹಿಡಿದರೆ ಜಗಳ ಮಾಡಬೇಡಿ. ಒಂದೇ ಬಿಲ್ 30,000 ದಾಟಿದರೆ ಅಥವಾ ವರ್ಷಕ್ಕೆ ಒಟ್ಟು ಒಂದು ಲಕ್ಷ ದಾಟಿದರೆ ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ.

ಮುಳ್ಳೇರಿಯದವ | ಏಪ್ರಿಲ್ 20

ಲೆಕ್ಕದಕ್ಕ ಬಂದರೆ ನಮಗೆ ಹುಲ್ಲೂ ಪರೀಕ್ಷೆ.

ನೀರ್ಚಾಲು ಮಾಷ್ಟ್ರು | ಏಪ್ರಿಲ್ 21

ಶಾಲೆಗಳ ಬಗ್ಗೆ ನಾನು ಹೇಳಬಹುದು. 31 ವರ್ಷ ಶಾಲೆಯಲ್ಲೇ ಕಳೆದವನು.

ನಮ್ಮಲ್ಲಿ ಜೂನ್ ಮೊದಲ ವಾರ ಶಾಲೆ ತೆರೆಯುತ್ತದೆ. ಮೇ ಕೊನೆಗೆ ಎಲ್ಲ ಹೆಡ್‌ಮಾಷ್ಟ್ರಿಗೂ ಒಮ್ಮೆಗೇ ಹುಲ್ಲಿನ ನೆನಪಾಗುತ್ತದೆ. 2019ರ ನವೆಂಬರ್‌ನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯೊಳಗೇ ಹಾವು ಕಚ್ಚಿ ಐದನೇ ಕ್ಲಾಸಿನ ಹುಡುಗಿ ತೀರಿಕೊಂಡಳಲ್ಲ, ಅಲ್ಲಿಂದ ಮೇಲೆ ಈ ವಿಷಯದಲ್ಲಿ ಯಾರೂ ಉದಾಸೀನ ಮಾಡುವ ಹಾಗಿಲ್ಲ. ಮಾಡಲೂಬಾರದು.

ಆದರೆ ಸರಕಾರಿ ಶಾಲೆಯಲ್ಲಿ ಹಣ ಕಡಿಮೆ. ಪಿಟಿಎ (ಹೆತ್ತವರ, ಅಧ್ಯಾಪಕರ ಸಂಘ), ಹಳೆ ವಿದ್ಯಾರ್ಥಿಗಳು, ಊರವರ ಶ್ರಮದಾನದಲ್ಲಿ ಮುಗಿಯುತ್ತದೆ. ಪಂಚಾಯತಿನ ಕೆಲಸವೂ ಹೆಚ್ಚಾಗಿ ಕುಟುಂಬಶ್ರೀ ಮಹಿಳಾ ಸಂಘ, ಉದ್ಯೋಗ ಖಾತರಿಯವರಿಗೇ ಹೋಗುತ್ತದೆ. ಅವರ ಅನ್ನಕ್ಕೆ ಕೈ ಹಾಕಲು ಹೋಗಬೇಡಿ, ಹೋದರೂ ಸಿಗುವುದಿಲ್ಲ. ಸರಕಾರದ ಅನುದಾನ ಇಲ್ಲದ ಅನ್‌ಎಯ್ಡೆಡ್ ಶಾಲೆ, ಕಾಲೇಜು ನೋಡಿ. ಮೇ ಮೊದಲ ವಾರವೇ ಹೋಗಿ, ಪತ್ತನಾಜೆ (ಮೇ 24ರ ಹೊತ್ತಿಗೆ ಬರುವ ತುಳುವರ ವಿಶೇಷ ದಿನ) ಕಳೆದ ಮೇಲೆ ಅಲ್ಲ. ಪತ್ತನಾಜೆ ಕಳೆದರೆ ಮಳೆ ಹನಿಯಲು ಶುರು. ನಿಮಗೂ ಕೆಲಸ ತುಂಬಿರುತ್ತದೆ, ಅವರಿಗೂ ಗಡಿಬಿಡಿ.

ಭಾಷೆಯ ಒಂದು ಮಾತು. ಪತ್ರ ಇಂಗ್ಲಿಷ್‌ನಲ್ಲೋ ಮಲಯಾಳದಲ್ಲೋ ಇರಲಿ, ಅದು ಫೈಲಿಗೆ. ಮಾತು ಅವರ ಭಾಷೆಯಲ್ಲಿ ಇರಲಿ. ಕುಂಬಳೆಯಲ್ಲಿ ತುಳು, ಉಪ್ಪಳದಲ್ಲಿ ಬ್ಯಾರಿಯೋ ಉರ್ದುವೋ, ಕಾಞಂಗಾಡಿಗೆ ಹೋದರೆ ಮಲಯಾಳ. ನಮ್ಮ ಜಿಲ್ಲೆಯವನಿಗೆ ಇದು ಹುಟ್ಟಿನಿಂದ ಬಂದ ಬಂಡವಾಳ, ಬಳಸಿಕೊಳ್ಳಿ. ಪ್ರೆಸ್ಸಿನವರ ಕೈಗೆ ಮಾತ್ರ ಕೊಡಬೇಡಿ.

ಪೈವಳಿಕೆ ಭಾವ | ಏಪ್ರಿಲ್ 22

ಸೋಲಾರ್ ಯಾರೂ ಹೇಳಲಿಲ್ಲ. ನಮ್ಮ ಪೈವಳಿಕೆ, ಮೀಂಜ, ಚಿಪ್ಪಾರು ಕಡೆ 250 ಎಕರೆ ಜಾಗದಲ್ಲಿ 50 ಮೆಗಾವಾಟ್‌ನ ಸೋಲಾರ್ ಪ್ಲಾಂಟ್ ಇದೆ, 2021ರ ಫೆಬ್ರವರಿಯಲ್ಲಿ ಉದ್ಘಾಟನೆ ಆದದ್ದು. ಅಂಬಲತ್ತರದಲ್ಲೂ ಒಂದಿದೆ. ಅಂಥ ದೊಡ್ಡದಕ್ಕೆ ನಾವು ನೇರ ಹೋಗಲು ಆಗುವುದಿಲ್ಲ, ಟೆಂಡರ್, ದೊಡ್ಡ ಕಾಂಟ್ರಾಕ್ಟರ್ ಎಲ್ಲ ಇರುತ್ತದೆ. ಆದರೆ ಈಗ ಕಾಲೇಜು, ಐಸ್ ಪ್ಲಾಂಟ್, ಕೋಳಿ ಫಾರಂ, ಎಲ್ಲರೂ ನೆಲದಲ್ಲಿ ಪ್ಯಾನಲ್ ಇಡುತ್ತಿದ್ದಾರೆ. ಹುಲ್ಲು ಪ್ಯಾನಲ್‌ಗಿಂತ ಮೇಲೆ ಬಂದು ನೆರಳು ಬಿದ್ದರೆ ಕರೆಂಟ್ ಇಳಿಯುತ್ತದೆ. ಬೇಸಗೆಯಲ್ಲಿ ಒಣಗಿದರೆ ಬೆಂಕಿ ಭಯ. ಅವರಿಗೆ ಹುಲ್ಲು ಅಂದ ಚಂದದ ವಿಷಯ ಅಲ್ಲ, ಹಣದ ವಿಷಯ. ಹಾಗಾಗಿ ಚೌಕಾಸಿ ಕಡಿಮೆ.

ಕೆಲಸ ಮಾತ್ರ ಸೂಕ್ಷ್ಮ. ನಾನು ಜಿಲ್ಲೆಯ ಹೊರಗೆ ಒಂದು ಚಿಕ್ಕ ಸೈಟಿನಲ್ಲಿ ಸಬ್ ಕಾಂಟ್ರಾಕ್ಟ್ ಮಾಡಿದ್ದೆ. ನಮ್ಮ ಮುರಕಲ್ಲಿನ ಗುಡ್ಡೆ ಗೊತ್ತಲ್ಲ, ಹುಲ್ಲಿನ ಬುಡದಲ್ಲಿ ಕಲ್ಲಿನ ಹರಳು ತುಂಬಿರುತ್ತದೆ. ಕಬ್ಬಿಣದ ಬ್ಲೇಡ್ ಹಾಕಿ ಹೊಡೆದರೆ ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಹುಡುಗ ನೈಲಾನ್ ದಾರದ ಹೆಡ್ ಹಾಕಿಯೇ ಹೊಡೆದ. ಆದರೂ ಒಂದು ಹರಳು ಹಾರಿತು. ಮೊದಲು ಏನೂ ಕಾಣಲಿಲ್ಲ. ಹತ್ತಿರ ಹೋಗಿ ನೋಡಿದರೆ ಗಾಜಿನಲ್ಲಿ ಅಕ್ಕಿಕಾಳಿನಷ್ಟು ಒಂದು ಚುಕ್ಕೆ, ಅದರಿಂದ ಜೇಡರ ಬಲೆಯ ಹಾಗೆ ಬಿರುಕು. ಒಂದು ಪ್ಯಾನಲ್ ಹೋಯಿತು. ಅದರ ಹಣ ಹಿಡಿದುಕೊಂಡರು, ಸರಿ, ನಮ್ಮ ತಪ್ಪು. ಉಳಿದ ಎರಡು ಬಿಲ್ಲೂ ಬರಲಿಲ್ಲ, ಅದು ಯಾರ ತಪ್ಪು? ಮೇಲಿನ ಕಾಂಟ್ರಾಕ್ಟರ್ ಫೋನ್ ಎತ್ತುವುದನ್ನೇ ಬಿಟ್ಟ. ಸಬ್ ಕೆಲಸ ಹಿಡಿದರೆ ತಿಂಗಳ ತಿಂಗಳ ಬಿಲ್ಲು ಬರದೆ ಎರಡನೇ ತಿಂಗಳಿಗೆ ಮಿಷನ್ ಇಳಿಸಬೇಡಿ.

ಪ್ಯಾನಲ್ ಕಾಲಿನ ಹತ್ತಿರ ಈಗ ನಾನು ಕತ್ತಿಯಲ್ಲೇ ಸವರಿಸುತ್ತೇನೆ. ಕೇಬಲ್ ಎಲ್ಲಿ ಹೋಗುತ್ತದೆ ಎಂದು ಮೊದಲು ಕೇಳಿ ಸುಣ್ಣದಲ್ಲಿ ಗೆರೆ ಹಾಕಿಸಿಕೊಳ್ಳುತ್ತೇನೆ.

ಮುಳ್ಳೇರಿಯದವ | ಏಪ್ರಿಲ್ 22

ಇಷ್ಟೆಲ್ಲ ಯಾಕೆ, ಕಳೆಗೆ ಮದ್ದು ಬಿಟ್ಟರೆ ಆಗದಾ? ಒಂದು ಸಲ ಬಿಟ್ಟರೆ ಮೂರು ತಿಂಗಳು ನೋಡುವ ಹಾಗಿಲ್ಲ.

ಪೈವಳಿಕೆ ಭಾವ | ಏಪ್ರಿಲ್ 22

ನೀವು ಯಾವ ಜಿಲ್ಲೆಯಲ್ಲಿ ಕೂತು ಈ ಮಾತು ಹೇಳುತ್ತಿದ್ದೀರಿ ಮಾರಾಯ್ರೆ?

ನೀರ್ಚಾಲು ಮಾಷ್ಟ್ರು | ಏಪ್ರಿಲ್ 22

ಮುಳ್ಳೇರಿಯದವರು ತಮಾಷೆಗೆ ಹೇಳಿದ್ದು ಎಂದೇ ತಿಳಿಯುತ್ತೇನೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದು, ಎಣ್ಮಕಜೆಯ ಪಡ್ರೆ, ಸ್ವರ್ಗ ಕಡೆ ರೋಗಕ್ಕೆ ತುತ್ತಾದ ಮಕ್ಕಳು, ಇದನ್ನೆಲ್ಲ ನಾವು ಪುಸ್ತಕದಲ್ಲಿ ಓದಿದವರಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ನಿಲ್ಲಿಸುವವರೆಗೆ ಎಷ್ಟು ಓಡಾಟ ಆಯಿತು. ಎಂಡೋಸಲ್ಫಾನ್ ಕೀಟಕ್ಕೆ, ನೀವು ಹೇಳುವುದು ಕಳೆಗೆ, ಎರಡೂ ಬೇರೆ ಎಂದು ನನಗೂ ಗೊತ್ತು. ಆದರೆ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಆಸ್ಪತ್ರೆಯ ಅಂಗಳಕ್ಕೆ ಇಳಿದವನನ್ನು ನಮ್ಮೂರಿನ ಜನ ಹೇಗೆ ನೋಡುತ್ತಾರೆ, ಯೋಚಿಸಿ. ಕಳೆಗೆ ಬಿಡುವ ಗ್ಲೈಫೋಸೇಟ್ ಮಾರುವುದನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿತ್ತು.

ತಲಪಾಡಿ ಗಾರ್ಡನ್ | ಏಪ್ರಿಲ್ 22

ನನ್ನ ಕೊಟೇಶನ್‌ನ ಮೊದಲ ಸಾಲೇ ‘ಕಳೆನಾಶಕ ಬಳಸುವುದಿಲ್ಲ’ ಎಂದು. ಇಬ್ಬರು ಗಿರಾಕಿಗಳು ಆ ಒಂದು ಸಾಲು ನೋಡಿ ಕೊಟ್ಟದ್ದು. ಒಂದು ಆಸ್ಪತ್ರೆ, ಒಂದು ಮಕ್ಕಳ ಶಾಲೆ. ಹಾಕಿಕೊಳ್ಳಿ, ಖರ್ಚಿಲ್ಲ.

ಮುಳ್ಳೇರಿಯದವ | ಏಪ್ರಿಲ್ 22

ಒಪ್ಪಿದೆ. ಮಾತು ವಾಪಸ್.

ಬದಿಯಡ್ಕದ ಮಿಷನ್ | ಮೇ 11

ಸುದ್ದಿ ಹೇಳಲು ಬಂದೆ. ಕಳೆದ ಮಂಗಳವಾರಗಳಲ್ಲಿ ಒಟ್ಟು ಹದಿನಾಲ್ಕು ಜಾಗಕ್ಕೆ ಹೋದೆ. ಹೆದ್ದಾರಿ ಅಗಲ ಆದ ಮೇಲೆ ತಲಪಾಡಿಯಿಂದ ಚೆರ್ಕಳದವರೆಗೆ ಎಷ್ಟು ಹೊಸ ಕಟ್ಟಡ ಎದ್ದಿದೆ ಎಂದು ಸ್ಕೂಟರಿನಲ್ಲಿ ನಿಧಾನ ಹೋದಾಗಲೇ ತಿಳಿದದ್ದು. ಎಲ್ಲರ ಮುಂದೆಯೂ ಒಂದು ಪಟ್ಟಿ ಮಣ್ಣು, ಅದರಲ್ಲಿ ಹುಲ್ಲು.

ಹದಿನಾಲ್ಕರಲ್ಲಿ ಆರು ಕಡೆ ಒಳಗೇ ಬಿಡಲಿಲ್ಲ. ನಾಲ್ಕು ಕಡೆ ‘ನಮ್ಮವರಿದ್ದಾರೆ’. ಎರಡು ಕಡೆ ಕೊಟೇಶನ್ ಕೇಳಿದ್ದಾರೆ. ಒಂದು ಬಂಕ್ ಸಿಕ್ಕಿತು! ತಿಂಗಳಿಗೆ 1,800. ಚಿಕ್ಕದು, ಇರಲಿ. ಇನ್ನೊಂದು ಹಾಲ್ ಈ ಸಲಕ್ಕೆ ಮಾತ್ರ ಹೊಡೆಸಿ ನೋಡುತ್ತಾರಂತೆ.

ಬಂಕಿನಲ್ಲಿ ಸೂಪರ್‌ವೈಸರ್ ಸ್ವಲ್ಪ ಹೆದರಿದ್ದರು. ಮಿಷನ್ ಬಿಸಿ, ಪೆಟ್ರೋಲ್ ಜಾಗ. ಟ್ಯಾಂಕ್ ಮತ್ತು ಪಂಪ್ ಇರುವ ಕಡೆ ಮಿಷನ್ ತರುವುದೇ ಇಲ್ಲ, ಅಲ್ಲಿ ಕತ್ತಿ ಮಾತ್ರ, ಮಿಷನ್‌ಗೆ ಎಣ್ಣೆ ತುಂಬಿಸುವುದು ಹೊರಗೆ ಪಿಕಪ್‌ನ ಹತ್ತಿರ ಎಂದೆ. ನಾನು ಕೇಳುವ ಮೊದಲೇ ನೀವೇ ಹೇಳಿದಿರಲ್ಲ ಎಂದು ಒಪ್ಪಿದರು.

ಕುಂಬಳೆ ಹಾಲ್‌ನವ | ಮೇ 11

ಹದಿನಾಲ್ಕಕ್ಕೆ ಒಂದು ಎಂದರೆ ಕೆಟ್ಟದಲ್ಲ. ‘ನಮ್ಮವರಿದ್ದಾರೆ’ ಎಂದ ನಾಲ್ಕು ಕಡೆ ಜುಲೈ ಕೊನೆಗೆ ಮತ್ತೆ ಒಮ್ಮೆ ಮುಖ ತೋರಿಸಿ. ಆ ‘ನಮ್ಮವರು’ ಆಟಿಯಲ್ಲಿ ಫೋನ್ ಎತ್ತುವುದಿಲ್ಲ.

ಬದಿಯಡ್ಕದ ಮಿಷನ್ | ಜೂನ್ 29

ಇವತ್ತು ಬೇಸರದಲ್ಲಿ ಬರೆಯುತ್ತಿದ್ದೇನೆ. ಹಾಲ್‌ನಲ್ಲಿ ಹೊಡೆಯುವಾಗ ಕಲ್ಲು ಹಾರಿ, ನಿಲ್ಲಿಸಿದ್ದ ಕಾರಿನ ಹಿಂದಿನ ಗಾಜು ಪುಡಿಯಾಯಿತು. ಬುಕಿಂಗ್ ಕೇಳಲು ಬಂದ ಯಾರದೋ ಕಾರು. ಅವರು ಬರುವುದನ್ನು ನಾವು ನೋಡಲಿಲ್ಲ, ಕಿವಿಗೆ ಮಫ್ ಹಾಕಿದ್ದೆವು. ಗಾಜಿನ ಹಣ ಕೊಟ್ಟೆ. ಈ ತಿಂಗಳ ದುಡಿಮೆ ಅಲ್ಲಿಗೇ ಹೋಯಿತು. ಇನ್ನು ಆ ಹಾಲ್ ಸಿಗಲಿಕ್ಕಿಲ್ಲ.

ತಲಪಾಡಿ ಗಾರ್ಡನ್ | ಜೂನ್ 29

ಯಾರಿಗೂ ತಾಗಲಿಲ್ಲ ಅಲ್ವಾ? ಹಾಗಾದರೆ ಹೋದದ್ದು ಗಾಜು, ಅಷ್ಟೇ.

ಮಿಷನ್‌ನ ಪುಸ್ತಕದಲ್ಲೇ ಇದೆ, ಸುತ್ತ 15 ಮೀಟರ್ ಯಾರೂ ಇರಬಾರದು ಎಂದು. ನಮ್ಮ ಅಂಗಳಗಳಲ್ಲಿ 15 ಮೀಟರ್ ಎಲ್ಲಿಂದ ತರುವುದು? ನಾನು ಮಾಡುವುದು ಹೀಗೆ. ಮೂರು ಪಿವಿಸಿ ಪೈಪಿನ ಚೌಕಟ್ಟು, ಅದಕ್ಕೆ ನರ್ಸರಿಯ ಹಸಿರು ನೆಟ್ ಎರಡು ಪದರ ಬಿಗಿದು ಕಟ್ಟಿದ್ದೇನೆ. ಆಳೆತ್ತರ, ಆರು ಅಡಿ ಅಗಲ. ಗುಡಿಸುವ ಹೆಂಗಸು ಅದನ್ನು ಹಿಡಿದು ಮಿಷನ್‌ನ ಜೊತೆಗೇ ಸರಿಯುತ್ತಾ ಹೋಗುತ್ತಾಳೆ. ಕಲ್ಲು ಬಂದು ‘ಟಪ್’ ಎಂದು ಬಡಿದು ಬೀಳುತ್ತದೆ. ಗೋಡೆಗೆ ಹಸಿರು ರಸ ಹಾರುವುದೂ ನಿಲ್ಲುತ್ತದೆ. ಬಿಳಿ ಪೈಂಟಿನ ಗೋಡೆಗೆ ಹುಲ್ಲಿನ ರಸ ಹಾರಿದರೆ ಮ್ಯಾನೇಜರ್ ಮುಖ ನೋಡಬೇಕು.

ಉಪ್ಪಳದ ಲೆಕ್ಕದಕ್ಕ | ಜೂನ್ 30

ಬ್ಯಾಂಕಿನಲ್ಲಿ ಹುಡುಗರಿಬ್ಬರಿಗೂ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷ. ಅದು ಅವರಿಗೆ. ಬೇರೆಯವರ ಗಾಜು, ಬೇರೆಯವರ ಕಣ್ಣಿಗೆ ಅದು ಬರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಇದೆ, ವಿಮೆಯವರಲ್ಲಿ ಪಬ್ಲಿಕ್ ಲಯಬಿಲಿಟಿ ಎಂದು ಕೇಳಿ. ದೊಡ್ಡ ಆಸ್ಪತ್ರೆಯವರು ಮುಂದೆ ಅದನ್ನೇ ಕೇಳುತ್ತಾರೆ.

ಕುಂಬಳೆ ಹಾಲ್‌ನವ | ಜೂನ್ 30

ಹಣ ಕೊಟ್ಟು ಸುಮ್ನೆ ಕೂರಬೇಡಿ. ನೆಟ್ ಮಾಡಿಕೊಂಡು, ಅದನ್ನು ಹಿಡಿದುಕೊಂಡೇ ಆ ಮ್ಯಾನೇಜರ ಹತ್ತಿರ ಹೋಗಿ. ನಾನು ಅವರ ಜಾಗದಲ್ಲಿದ್ದರೆ, ಗಾಜು ಒಡೆದು ಓಡಿದವನನ್ನು ಮರೆಯುವುದಿಲ್ಲ. ಗಾಜು ಒಡೆದು ನಿಂತವನನ್ನೂ ಮರೆಯುವುದಿಲ್ಲ.

ಬದಿಯಡ್ಕದ ಮಿಷನ್ | ನವೆಂಬರ್ 9

ತುಂಬಾ ದಿನ ಆಯಿತು, ಮಳೆ ಬಿಡಲಿಲ್ಲ. ಈಗ ಲೆಕ್ಕ ಒಪ್ಪಿಸುತ್ತೇನೆ.

ಆ ಹಾಲ್ ಸಿಕ್ಕಿತು. ನೆಟ್ ಹಿಡಿದುಕೊಂಡು ಹೋದೆ, ಮ್ಯಾನೇಜರ್ ನಕ್ಕರು. ‘ಇದನ್ನು ಮೊದಲೇ ತರಬಾರದಿತ್ತಾ’ ಎಂದರು. ತಿಂಗಳಿಗೆ 3,200, ಹಾಳೆಯಲ್ಲಿ ಸಹಿ ಆಗಿದೆ, ಲೆಕ್ಕದಕ್ಕ ಹೇಳಿದ ‘ಮಧ್ಯದಲ್ಲಿ ನಿಲ್ಲಿಸಿದರೆ’ ಸಾಲು ಸಮೇತ.

ಆಸ್ಪತ್ರೆ ಒಂದು ಸಿಕ್ಕಿದ್ದು ವಿಚಿತ್ರ ದಾರಿಯಲ್ಲಿ. ನಮ್ಮ ಊರಿನ ದೇವಸ್ಥಾನದ ಕೆರೆಬದಿ ವರ್ಷಾ ವರ್ಷ ನಾನೇ ಸೇವೆಯಾಗಿ ಹೊಡೆದುಕೊಡುತ್ತೇನೆ. ಈ ಸಲ ಅಲ್ಲಿ ನಿಂತು ನೋಡುತ್ತಿದ್ದ ಒಬ್ಬರು, ಗುಡಿಸಿ ರಾಶಿ ಹಾಕಿ ಪಿಕಪ್‌ಗೆ ತುಂಬಿಸುವವರೆಗೆ ನೋಡಿ, ನಂಬರ್ ಕೇಳಿದರು. ಆಸ್ಪತ್ರೆಯ ಆಡಳಿತ ನೋಡುವವರಂತೆ. ಹೊಡೆದವರು ತುಂಬಾ ಜನ ಬರುತ್ತಾರೆ, ಹೊಡೆದದ್ದನ್ನು ಎತ್ತಿಕೊಂಡು ಹೋಗುವವರು ಇಲ್ಲ ಎಂದರು. ರೋಗಿಗಳಿಗೆ ಸದ್ದು ಆಗಬಾರದೆಂದು ಫೋರ್ ಸ್ಟ್ರೋಕ್ ಮಿಷನ್ ಕೇಳಿದ್ದಾರೆ, ಭಾನುವಾರ ಮಾತ್ರ ಕೆಲಸ. ಒಂದು ಹೊಸದು ತೆಗೆದೆ. ಮಾಷ್ಟ್ರು ಹೇಳಿದ ಹಾಗೆ ಮೇಯಲ್ಲೇ ಹೋಗಿದ್ದರಿಂದ ಒಂದು ಕಾಲೇಜೂ ಇದೆ, ಅವರ ಬಿಲ್ಲು ಮಾತ್ರ ಇನ್ನೂ ಬಂದಿಲ್ಲ. 38 ದಿನ ಆಯಿತು. ಎಣಿಸುತ್ತಿದ್ದೇನೆ ಅಕ್ಕಾ.

‘ನಮ್ಮವರಿದ್ದಾರೆ’ ಎಂದ ನಾಲ್ಕರಲ್ಲಿ ಒಬ್ಬರು ಆಗಸ್ಟ್‌ನಲ್ಲಿ ಅವರೇ ಫೋನ್ ಮಾಡಿದರು. ಹಾಲ್‌ನ ಅಣ್ಣನ ಮಾತು ಹುಸಿಯಾಗಲಿಲ್ಲ.

ಹುಲ್ಲು ಎಲ್ಲಿ ಹಾಕುವುದು ಎಂಬುದೇ ಈಗಿನ ಸಮಸ್ಯೆ. ಮೊದಲು ಒಂದು ದನದ ಹಟ್ಟಿಗೆ ಕೊಡುತ್ತಿದ್ದೆ. ಬಂಕಿನ ಹುಲ್ಲು ಎಂದು ತಿಳಿದ ಮೇಲೆ ಅವರು ಬೇಡ ಎಂದರು, ಎಣ್ಣೆ ವಾಸನೆಯಂತೆ. ಸರಿಯೇ. ಯಾರಿಗಾದರೂ ಅಡಿಕೆ ಬುಡಕ್ಕೆ ಹಾಕಲು ಹುಲ್ಲಿನ ಸೊಪ್ಪು ಬೇಕಾ? ಆಸ್ಪತ್ರೆಯದು, ಕಾಲೇಜಿನದು ಮಾತ್ರ, ಪ್ಲಾಸ್ಟಿಕ್ ಆಯ್ದು ಕೊಡುತ್ತೇನೆ. ವಾರಕ್ಕೆ ಒಂದು ಪಿಕಪ್. ಬದಿಯಡ್ಕದಿಂದ ಹತ್ತು ಕಿಲೋಮೀಟರ್ ಒಳಗೆ ಆದರೆ ಬಾಡಿಗೆ ಇಲ್ಲ.

ನೀರ್ಚಾಲು ಮಾಷ್ಟ್ರು | ನವೆಂಬರ್ 9

ನನಗೆ ಎರಡು ಪಿಕಪ್ ಬೇಕು. ಭಾನುವಾರ ಸಂಜೆ ಬನ್ನಿ, ಗೇಟು ತೆಗೆದಿಟ್ಟಿರುತ್ತೇನೆ. ನಾಚಿಕೆ ಮುಳ್ಳು ಇದ್ದರೆ ಬೇಡ.

ಬದಿಯಡ್ಕದ ಮಿಷನ್ | ನವೆಂಬರ್ 9

ಮುಳ್ಳು ಬೇರೆ ಮಾಡಿಸುತ್ತೇನೆ ಮಾಷ್ಟ್ರೇ. ಐದು ಗಂಟೆಗೆ ಬರುತ್ತೇನೆ.